ಹಾಡಿಯಲ್ಲಿ ಸೂರು ಎಣಿಸಿದರೆ ಸಾಲದು, ಒಲೆ ಎಣಿಸಿ

ಮಾನ್ಯ ಸಂಪಾದಕರೇ,

ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗೆ ಮತ್ತು ಅಂಚಿನಲ್ಲಿರುವ ಹಾಡಿಗಳಿಗೆ, ಅಂದರೆ ಆದಿವಾಸಿಗಳ ಸಣ್ಣ ಊರುಗಳಿಗೆ, ಎಷ್ಟು ಮನೆ ಬೇಕು? ಈ ಪ್ರಶ್ನೆಯನ್ನು ಪಂಚಾಯಿತಿಯವರು ಕೇಳುತ್ತಾರೆ, ಅರಣ್ಯ ಇಲಾಖೆಯವರು ಕೇಳುತ್ತಾರೆ, ಗಿರಿಜನ ಕಲ್ಯಾಣದವರೂ ಕೇಳುತ್ತಾರೆ. ಒಬ್ಬೊಬ್ಬರ ಹತ್ತಿರ ಒಂದೊಂದು ಪಟ್ಟಿ. ಒಂದರಲ್ಲಿರುವ ಹೆಸರು ಇನ್ನೊಂದರಲ್ಲಿ ಇರುವುದಿಲ್ಲ. ಪಟ್ಟಿಯೇ ಸರಿಯಿಲ್ಲದಿದ್ದರೆ ಎಷ್ಟು ಹಣ ಬಂದರೂ ಮನೆ ಬೇಕಾದವರ ಕೈಗೆ ಅದು ತಲುಪುವುದಿಲ್ಲ. ಆ ಪಟ್ಟಿ ಹೇಗೆ ತಯಾರಾಗುತ್ತದೆ, ಹೇಗೆ ತಯಾರಾಗಬೇಕು ಎನ್ನುವುದರ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗುತ್ತದೆ. ದಯವಿಟ್ಟು ಜಾಗ ಕೊಡಿ.

ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಜೇನುಕುರುಬರ ಹಾಡಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದು ನಿವೃತ್ತಳಾದವಳು. ಹಾಡಿಯ ಹೆಸರು ಬರೆಯುವುದಿಲ್ಲ. ಅಲ್ಲಿಯವರು ನಾಳೆಯೂ ಅದೇ ಕಚೇರಿಗಳ ಬಾಗಿಲಲ್ಲಿ ನಿಲ್ಲಬೇಕು. ಅಂಗನವಾಡಿಯಲ್ಲಿ ಕುಟುಂಬ ಸಮೀಕ್ಷೆ ಪುಸ್ತಕ ಅಂತ ಒಂದು ಇರುತ್ತದೆ. ಯಾರು ಬಸುರಿ, ಯಾರಿಗೆ ಹೆರಿಗೆಯಾಯಿತು, ಯಾವ ಮಗು ಯಾರ ಕೈಯಲ್ಲಿ ಬೆಳೆಯುತ್ತಿದೆ, ಯಾರು ತೀರಿಕೊಂಡರು, ಯಾರು ಕೂಲಿಗೆ ಹೋಗಿದ್ದಾರೆ, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಮಗುವಿಗೆ ಮೊಟ್ಟೆ, ಹಾಲಿನ ಪುಡಿ ಕೊಟ್ಟರೆ ಸಾಲದು. ಅದು ಆ ಮಗುವಿನ ಹೊಟ್ಟೆಗೆ ಹೋಗುತ್ತದಾ ಅಂತ ನೋಡಬೇಕು. ಅದಕ್ಕೆ ಆ ಮಗುವಿಗೆ ಅಡುಗೆ ಮಾಡುವ ಒಲೆ ಯಾವುದು ಅಂತ ಗೊತ್ತಿರಬೇಕು. ಹಾಗಾಗಿ ನಾವು ಒಲೆಯಿಂದಲೇ ಲೆಕ್ಕ ಶುರು ಮಾಡುತ್ತಿದ್ದೆವು. ಸೂರು ಎಷ್ಟಿದೆ ಎನ್ನುವುದು ನಮಗೆ ಬೇಕಾಗುತ್ತಿರಲಿಲ್ಲ.

ಒಂದು ಗುಡಿಸಲಿನ ವಿಷಯ ಹೇಳುತ್ತೇನೆ. ಲಂಟಾನ ಪೊದೆಯ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ. ಮೇಲೆ ನೀಲಿ ಟಾರ್ಪಾಲು, ಗಾಳಿಗೆ ಹಾರದಂತೆ ಅದರ ಮೇಲೆ ಹಳೇ ಸೈಕಲ್ ಟೈರು. ಒಳಗೆ ಅಜ್ಜ, ಅಜ್ಜಿ. ಹಿರಿಮಗ, ಅವನ ಹೆಂಡತಿ, ಇಬ್ಬರು ಮಕ್ಕಳು. ಕಿರಿಮಗ, ಹೊಸದಾಗಿ ಬಂದ ಸೊಸೆ. ಗಂಡ ಸತ್ತ ಮೇಲೆ ತವರಿಗೆ ವಾಪಸ್ ಬಂದ ಮಗಳು, ಅವಳ ಕೈಕೂಸು. ಒಟ್ಟು ಹತ್ತು ಜನ. ಸರ್ವೆಯಲ್ಲಿ ಇದು ಒಂದು ಮನೆ. ರೇಷನ್ ಕಾರ್ಡು ಅಜ್ಜನ ಹೆಸರಲ್ಲಿ ಒಂದೇ. ನನ್ನ ಪುಸ್ತಕದಲ್ಲಿ ಇದು ನಾಲ್ಕು ಕುಟುಂಬ: ಅಜ್ಜ ಅಜ್ಜಿಯದು ಒಂದು, ಇಬ್ಬರು ಗಂಡುಮಕ್ಕಳದು ಒಂದೊಂದು, ಮಗಳದು ಒಂದು. ಕಿರಿಮಗ ಮತ್ತು ಸೊಸೆ ಮಳೆ ಇಲ್ಲದ ದಿನ ಹೊರಗೆ ಮಲಗುತ್ತಿದ್ದರು. ಆನೆ ಬರುವ ಜಾಗದಲ್ಲಿ ಹೊರಗೆ ಮಲಗುವುದು ಎಂದರೆ ಏನು ಅಂತ ಕಾಡಂಚಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅವರು ಬೇರೆ ಗುಡಿಸಲು ಹಾಕಿಕೊಳ್ಳಬಾರದಾಗಿತ್ತಾ ಅಂತ ಓದುವವರು ಕೇಳಬಹುದು. ಜೇನುಕುರುಬರಲ್ಲಿ ಮದುವೆಯಾದವರು ಬೇರೆ ಗುಡಿಸಲು ಹಾಕಿಕೊಳ್ಳುವುದೇ ವಾಡಿಕೆ. ಹಿಂದೆ ಬಿದಿರು, ಹುಲ್ಲು ಎರಡೂ ಕಾಡಿನಿಂದ ಬರುತ್ತಿದ್ದವು. ನಾಲ್ಕು ಜನ ಸೇರಿದರೆ ಕೆಲವೇ ದಿನಗಳಲ್ಲಿ ಗುಡಿಸಲು ಏಳುತ್ತಿತ್ತು. 1988ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು, ಆಮೇಲೆ ಹುಲಿ ಯೋಜನೆಗೂ ಸೇರಿತು. ಕಾನೂನು ಬಿಗಿಯಾಯಿತು. ಬಿದಿರು ಕಡಿಯುವಂತಿಲ್ಲ, ಹುಲ್ಲು ಕೊಯ್ಯುವಂತಿಲ್ಲ. 2010ರ ದಶಕದ ಶುರುವಿನಲ್ಲಿ ಕಾಡಿನ ಬಿದಿರು ಹೂಬಿಟ್ಟು ಒಣಗಿಹೋಯಿತು. ಆ ಜಾಗದಲ್ಲೆಲ್ಲ ಲಂಟಾನ ಎದ್ದಿತು. ಹೊಸ ಗುಡಿಸಲಿಗೆ ಗುಣಿ ತೋಡಿದರೆ ಒತ್ತುವರಿ ಅಂತ ಕೇಸಿನ ಭಯ. ಹೀಗಾಗಿ ಮೂರು ತಲೆಮಾರು ಒಂದೇ ಟಾರ್ಪಾಲಿನ ಕೆಳಗೆ ಬಂತು. ಅದನ್ನು ನೋಡಿ ಹೊರಗಿನಿಂದ ಬಂದವರು 'ಇಲ್ಲಿ ಮನೆ ಕಡಿಮೆ ಇವೆ, ಹಾಗಾದರೆ ಕುಟುಂಬವೂ ಕಡಿಮೆ' ಅಂತ ಬರೆದುಕೊಂಡು ಹೋಗುತ್ತಾರೆ. ಮನೆ ಇಲ್ಲದಿರುವುದೇ ಮನೆ ಬೇಡ ಎನ್ನುವುದಕ್ಕೆ ಸಾಕ್ಷಿಯಾಗಿಬಿಡುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಇದು.

ಈಗ ಯೋಜನೆಯ ಮಾತಿಗೆ ಬರುತ್ತೇನೆ. 2023ರ ನವೆಂಬರ್ 15ರಂದು ಕೇಂದ್ರ ಸರ್ಕಾರದ ಪಿಎಂ ಜನಮನ್ ಯೋಜನೆ ಶುರುವಾಯಿತು. ದೇಶದ 75 ವಿಶೇಷ ದುರ್ಬಲ ಬುಡಕಟ್ಟುಗಳಿಗಾಗಿ 24,104 ಕೋಟಿ ರೂಪಾಯಿ, ಮೂರು ವರ್ಷಕ್ಕೆ. ಅದರಲ್ಲಿ 4.90 ಲಕ್ಷ ಪಕ್ಕಾ ಮನೆಗಳ ಗುರಿ. ಮನೆ ಒಂದಕ್ಕೆ ಎಲ್ಲ ಸೇರಿ 2.39 ಲಕ್ಷ ರೂಪಾಯಿ. ಯೋಜನೆ ಒಳ್ಳೆಯದು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಜನರ ಹೆಸರಲ್ಲಿ ಹಣ ಬಂತಲ್ಲ ಅಂತ ನನಗೆ ನಿಜವಾಗಿಯೂ ಸಂತೋಷವಾಯಿತು. ನಮ್ಮ ರಾಜ್ಯದಲ್ಲಿ ಈ ಪಟ್ಟಿಯಲ್ಲಿರುವುದು ಎರಡೇ ಸಮುದಾಯ, ಜೇನುಕುರುಬರು ಮತ್ತು ಕೊರಗರು. ಆದರೆ ಹಾಡಿಗಳಲ್ಲಿ ಜೇನುಕುರುಬರ ಪಕ್ಕದಲ್ಲೇ ಬೆಟ್ಟಕುರುಬರು, ಯರವರು, ಸೋಲಿಗರು ಇರುತ್ತಾರೆ. ಅದೇ ಟಾರ್ಪಾಲು, ಅದೇ ಮಳೆ. ಸರ್ವೆಯವರು ಒಂದು ಗುಡಿಸಲ ಮುಂದೆ ನಿಂತು ಫೋಟೊ ತೆಗೆದು, ಪಕ್ಕದ್ದನ್ನು ದಾಟಿ ಮುಂದೆ ಹೋದರೆ ಆ ಮನೆಯವರಿಗೆ ಏನನ್ನಿಸಬೇಕು? 2024ರ ಅಕ್ಟೋಬರ್‌ನಲ್ಲಿ ಎಲ್ಲ ಬುಡಕಟ್ಟುಗಳಿಗೂ ಅಂತ ಧರ್ತಿ ಆಬಾ ಯೋಜನೆ ಬಂತು. ಅದಕ್ಕೆ ಇನ್ನೊಂದು ಸರ್ವೆ. ಒಂದು ಹಾಡಿಯ ಬೇಡಿಕೆಯನ್ನು ಒಟ್ಟಿಗೆ ನೋಡಿ, ಯಾವ ಮನೆಗೆ ಯಾವ ಯೋಜನೆಯ ಹಣ ಎನ್ನುವುದನ್ನು ಕಚೇರಿಯಲ್ಲಿ ಕೂತು ಹಂಚಿಕೊಳ್ಳಬಹುದಲ್ವಾ? ಯೋಜನೆಗೊಂದು ಸರ್ವೆ ಮಾಡಿದರೆ ಹಾಡಿಯ ಒಳಗೇ ಜಗಳ ಹುಟ್ಟುತ್ತದೆ.

ನಮ್ಮ ಹಾಡಿಗೆ ಸರ್ವೆಗೆ ಬಂದವರು ಕೆಟ್ಟವರಲ್ಲ. ಒಂದು ದಿನದಲ್ಲಿ ಇಷ್ಟು ಹಾಡಿ ಮುಗಿಸಬೇಕು ಅಂತ ಅವರಿಗೂ ಮೇಲಿನಿಂದ ಒತ್ತಡ. ಅವರು ಬಂದದ್ದು ಜನವರಿಯಲ್ಲಿ. ಕೊಡಗಿನಲ್ಲಿ ಕಾಫಿ ಕುಯ್ಲಿನ ಕಾಲ. ಅರ್ಧ ಹಾಡಿ ಖಾಲಿ. ಗಂಡ ಹೆಂಡತಿ ಮಕ್ಕಳನ್ನು ಕರೆದುಕೊಂಡು ತೋಟದ ಲೈನ್‌ಮನೆಗೆ, ಅಂದರೆ ಕೂಲಿಯವರಿಗೆ ಮಾಲೀಕರು ಕೊಡುವ ಸಾಲುಮನೆಗೆ, ಹೋಗಿರುತ್ತಾರೆ. ಕೆಲವರು ಶುಂಠಿ ಕೆಲಸಕ್ಕೆ ಕೇರಳದ ಕಡೆ. ಬಾಗಿಲಿಗೆ ಹಗ್ಗ ಕಟ್ಟಿದ ಗುಡಿಸಲು ಕಂಡರೆ 'ವಾಸವಿಲ್ಲ' ಅಂತ ಬರೆದುಕೊಂಡರು. ಹಾಡಿಯ ಯಜಮಾನರು ಹಿಂದೆ ಹಿಂದೆಯೇ ಓಡಾಡಿ 'ಅವರು ಯುಗಾದಿಗೆ ಬರ್ತಾರೆ ಸ್ವಾಮಿ' ಅಂದರು. ಮೊಬೈಲ್‌ನಲ್ಲಿ ಅದನ್ನು ಬರೆಯಲು ಜಾಗ ಇರಲಿಲ್ಲ. ಇರುವ ಮನೆಯ ಫೋಟೊ ತೆಗೆದು ಜಾಗದ ಗುರುತು ಹಾಕಬೇಕು. ನೆಟ್‌ವರ್ಕ್ ಸಿಗದೆ ಕೆಲವು ಫೋಟೊ ಹೋಗಲೇ ಇಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಜಾಬ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದವರನ್ನು ಆಮೇಲೆ ನೋಡೋಣ ಅಂದರು.

ಇನ್ನು ಕೆಲವರ ಹೆಸರು ಹಾಕಿದರೆ 'ಇವರಿಗೆ ಹಿಂದೆಯೇ ಮನೆ ಸಿಕ್ಕಿದೆ' ಅಂತ ಬಂತು. ಸಿಕ್ಕಿತ್ತು, ನಿಜ. ಎಷ್ಟೋ ವರ್ಷದ ಹಿಂದೆ ಒಬ್ಬ ಗುತ್ತಿಗೆದಾರ ಬಂದು ಪಾಯ ಹಾಕಿ, ಗೋಡೆ ಎತ್ತಿ, ಲಿಂಟಲ್ ಮಟ್ಟಕ್ಕೆ ಬಿಟ್ಟುಹೋದ. ಕಂತು ಮಾತ್ರ ಪೂರ್ತಿ ಎತ್ತಿಕೊಂಡ. ಆ ಗೋಡೆಗಳ ನಡುವೆ ಈಗ ಗಿಡ ಬೆಳೆದಿದೆ. ಬರೆದವರ ಲೆಕ್ಕದಲ್ಲಿ ಆ ಮನೆಯಲ್ಲಿ ಜನ ವಾಸವಾಗಿದ್ದಾರೆ. ಜನ ಇರುವುದು ಅದರ ಪಕ್ಕದ ಗುಡಿಸಲಲ್ಲಿ.

ನಾಗರಹೊಳೆಯಲ್ಲಿ ಹುಲಿ ಎಣಿಸುವಾಗ ಕಾಡಿನ ತುಂಬ ಕ್ಯಾಮೆರಾ ಕಟ್ಟುತ್ತಾರೆ. ಮೈಮೇಲಿನ ಪಟ್ಟೆ ನೋಡಿ ಇದು ಈ ಹುಲಿ, ಅದು ಆ ಹುಲಿ ಅಂತ ಒಂದೊಂದನ್ನೂ ಗುರುತಿಸುತ್ತಾರೆ. 2022ರ ಲೆಕ್ಕದಲ್ಲಿ 141 ಹುಲಿ ಅಂತ ಹೇಳಿದ್ದು ಹಾಗೆ. ಅದು ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವ ಇದೆ. ಅದೇ ಕಾಡಿನ ಮನುಷ್ಯರನ್ನು ಎಣಿಸುವಾಗಲೂ ಅಷ್ಟೇ ತಾಳ್ಮೆ ಇರಲಿ ಅಂತ ಕೇಳಿಕೊಳ್ಳುತ್ತೇನೆ.

ಈಗ ಒಂದು ಮುಖ್ಯ ವಿಷಯ. ಕಾಡು ಬಿಟ್ಟು ಹೊರಗೆ ಹೋಗುವ ಕುಟುಂಬಗಳಿಗೆ ಹುಲಿ ಯೋಜನೆಯಿಂದ ಪರಿಹಾರ ಇದೆ. 2008ರಿಂದ ಕುಟುಂಬಕ್ಕೆ 10 ಲಕ್ಷ ಇತ್ತು, 2021ರಲ್ಲಿ 15 ಲಕ್ಷಕ್ಕೆ ಏರಿತು. ಅಲ್ಲಿ ಕುಟುಂಬ ಎಂದರೆ ಯಾರು? 18 ತುಂಬಿದ ಮಗ, ಮದುವೆಯಾಗಿರಲಿ ಬಿಡಲಿ, ಒಂದು ಕುಟುಂಬ. 18 ದಾಟಿದ ಮದುವೆಯಾಗದ ಮಗಳು ಒಂದು ಕುಟುಂಬ. ವಿಧವೆ ಒಂದು ಕುಟುಂಬ. ಗಂಡ ಬಿಟ್ಟವಳು, ಅಂಗವಿಕಲರು, ತಂದೆತಾಯಿ ಇಲ್ಲದ ಮಗು, ಎಲ್ಲರೂ ಬೇರೆ ಬೇರೆ ಕುಟುಂಬ. ನಾನು ಮೇಲೆ ಹೇಳಿದ ಗುಡಿಸಲಿನಲ್ಲಿ ಆ ಲೆಕ್ಕದಂತೆ ನಾಲ್ಕು ಕುಟುಂಬ ಆಗುತ್ತವೆ. ನನ್ನ ಪುಸ್ತಕದ ಲೆಕ್ಕವೂ ಅದೇ. ಹೊರಗೆ ಹೋಗುತ್ತೇವೆ ಅಂದರೆ ನಾಲ್ಕು ಕುಟುಂಬ. ಇಲ್ಲೇ ಇರುತ್ತೇವೆ, ಒಂದು ಮನೆ ಕಟ್ಟಿಕೊಡಿ ಅಂದರೆ ಒಂದೇ ಕುಟುಂಬ. ಒಂದೇ ಗುಡಿಸಲಿಗೆ ಒಂದೇ ಸರ್ಕಾರ ಎರಡು ಲೆಕ್ಕ ಇಟ್ಟರೆ ಅದು ನ್ಯಾಯವಾ? ವಸತಿ ಯೋಜನೆಯ ನಿಯಮದಲ್ಲೂ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಅಂದರೆ ಮದುವೆಯಾದ ಮಗ ಬೇರೆ ಕುಟುಂಬವೇ. ನಿಯಮದಲ್ಲಿ ಇರುವುದನ್ನೂ ರೇಷನ್ ಕಾರ್ಡು ನೋಡಿ ಕೈಬಿಡುತ್ತಿದ್ದಾರೆ.

ಇದರಿಂದ ಇನ್ನೊಂದು ಆಗುತ್ತದೆ. ಇಲ್ಲಿದ್ದರೆ ಮನೆ ಇಲ್ಲ, ಹೋದರೆ ನಾಲ್ವರಿಗೂ ಹಣ ಅಂತಾದಾಗ ಜನ ಹೋಗುತ್ತೇವೆ ಅನ್ನುತ್ತಾರೆ. ಅದನ್ನು ಸ್ವಂತ ಇಚ್ಛೆ ಅಂತ ಬರೆದುಕೊಳ್ಳುತ್ತಾರೆ. ಹೋಗಬೇಕು ಅನ್ನುವವರು ಖಂಡಿತ ಇದ್ದಾರೆ. ಮಕ್ಕಳ ಶಾಲೆ, ಆಸ್ಪತ್ರೆ, ಬಸ್ಸು, ಆನೆ ಕಾಟ, ಎಲ್ಲ ನೋಡಿ ನಾವು ಹೊರಗೇ ಇರುತ್ತೇವೆ ಅಂತ ನನ್ನ ಮುಂದೆಯೇ ಹೇಳಿದ ತಾಯಂದಿರಿದ್ದಾರೆ. ಅವರಿಗೆ ಒಳ್ಳೆಯ ಜಾಗ, ಒಳ್ಳೆಯ ಮನೆ ಸಿಗಬೇಕು. ನಮ್ಮ ದೇವರು, ನಮ್ಮ ಹಿರಿಯರನ್ನು ಮಣ್ಣು ಮಾಡಿದ ಜಾಗ ಇಲ್ಲಿದೆ, ಬಿಡುವುದಿಲ್ಲ ಅನ್ನುವವರೂ ಇದ್ದಾರೆ. ವನ್ಯಜೀವಿ ಕಾನೂನೇ ಹೇಳುತ್ತದೆ: ಮೊದಲು ಹಕ್ಕು ಗುರುತಿಸಬೇಕು, ಗ್ರಾಮಸಭೆ ಎಲ್ಲ ತಿಳಿದು ಒಪ್ಪಬೇಕು, ಹೋಗುವ ಜಾಗದಲ್ಲಿ ಅನುಕೂಲ ಸಿದ್ಧವಾಗಿರಬೇಕು, ಆಮೇಲೆ ಸ್ಥಳಾಂತರ. 2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹುಲಿ ಪ್ರದೇಶಗಳಿರುವ ರಾಜ್ಯಗಳಿಗೆ ಪತ್ರ ಬರೆದು, ಹುಲಿ ಪ್ರದೇಶಗಳ ಒಳಭಾಗದ 591 ಹಳ್ಳಿಗಳ 64,801 ಕುಟುಂಬಗಳ ಸ್ಥಳಾಂತರಕ್ಕೆ ವೇಳಾಪಟ್ಟಿ ಕೇಳಿತು. ವೇಳಾಪಟ್ಟಿ ಹಾಕುವ ಮೊದಲು ಪ್ರತಿ ಹಾಡಿಯಲ್ಲೂ ಇರುವವರಿಗೆ ಏನು ಬೇಕು, ಹೋಗುವವರಿಗೆ ಏನು ಬೇಕು ಅಂತ ಬೇರೆ ಬೇರೆ ಕೇಳಬೇಕು. ಎರಡಕ್ಕೂ ಸಮನಾದ ಉತ್ತರ ಇದ್ದಾಗ ಮಾತ್ರ ಜನ ಭಯವಿಲ್ಲದೆ ಮಾತಾಡುತ್ತಾರೆ.

ರಾಷ್ಟ್ರೀಯ ಉದ್ಯಾನದ ಒಳಗೆ ಮನೆ ಕಟ್ಟುವಂತೆಯೇ ಇಲ್ಲ ಅನ್ನುವ ಮಾತು ನಾನು ಬಹಳ ಸಲ ಕೇಳಿದ್ದೇನೆ. ದೊಡ್ಡ ಅಧಿಕಾರಿಗಳ ಬಾಯಲ್ಲೂ ಕೇಳಿದ್ದೇನೆ. 2006ರ ಅರಣ್ಯ ಹಕ್ಕು ಕಾಯ್ದೆ ಹಾಗೆ ಹೇಳುವುದಿಲ್ಲ. ಅರಣ್ಯ ಭೂಮಿ ಎಂದರೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಎಲ್ಲವೂ ಸೇರುತ್ತದೆ ಅಂತ ಅದರಲ್ಲೇ ಇದೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ಇರುವ ಬುಡಕಟ್ಟು ಕುಟುಂಬಕ್ಕೆ ಆ ಭೂಮಿಯಲ್ಲಿ ವಾಸ ಮಾಡುವ ಮತ್ತು ಬೇಸಾಯ ಮಾಡುವ ಹಕ್ಕು ಇದೆ. ಅನುಭವದಲ್ಲಿರುವಷ್ಟು, ಹೆಚ್ಚೆಂದರೆ 4 ಹೆಕ್ಟೇರ್. ಹಕ್ಕು ತೀರ್ಮಾನ ಆಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಹಕ್ಕುಪತ್ರ ಸಿಕ್ಕವರಿಗೆ ಸರ್ಕಾರದ ಸವಲತ್ತುಗಳನ್ನೂ ಕೊಡಬೇಕು ಅಂತ 2012ರ ತಿದ್ದುಪಡಿ ನಿಯಮದಲ್ಲಿ ಬರೆದಿದ್ದಾರೆ. ಅದೇ ಕಾಯ್ದೆಯಲ್ಲಿ 13 ಸಾರ್ವಜನಿಕ ಸೌಲಭ್ಯಗಳ ಪಟ್ಟಿ ಇದೆ. ಶಾಲೆ, ಆಸ್ಪತ್ರೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆ ಹೀಗೆ. ಆ ಪಟ್ಟಿಯಲ್ಲಿ ಮನೆ ಇಲ್ಲ, ಹಾಗಾಗಿ ಮನೆ ಕೊಡಲು ಬರುವುದಿಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಆ ಪಟ್ಟಿ ಊರಿಗೆಲ್ಲ ಸೇರಿದ ಕಟ್ಟಡಗಳದ್ದು. ಮನೆಯ ಜಾಗದ ಹಕ್ಕನ್ನು ಕಾಯ್ದೆ ಅದಕ್ಕಿಂತ ಮೊದಲೇ, ಮೊದಲನೇ ಹಕ್ಕಾಗಿಯೇ ಕೊಟ್ಟಿದೆ.

ಈ 13ರ ಪಟ್ಟಿ ನನಗೆ ಬಾಯಿಪಾಠ ಆಗಿರುವುದಕ್ಕೆ ಕಾರಣ ಇದೆ. ನನ್ನ ಅಂಗನವಾಡಿ ಬಹಳ ವರ್ಷ ಒಂದು ಶೀಟು ಶೆಡ್ಡಿನಲ್ಲಿ ನಡೆಯಿತು. ಜೋರು ಮಳೆ ಬಂದರೆ ಶೀಟಿನ ಸದ್ದಿಗೆ ಮಕ್ಕಳಿಗೆ ಹೇಳಿದ್ದು ಕೇಳಿಸುತ್ತಿರಲಿಲ್ಲ. ಕಾಡೊಳಗೆ ಕಟ್ಟಡಕ್ಕೆ ಒಪ್ಪಿಗೆ ಇಲ್ಲ ಅಂತ ಪ್ರತಿ ವರ್ಷ ಹಣ ವಾಪಸ್ ಹೋಗುತ್ತಿತ್ತು. ಕೊನೆಗೆ ಆದಿವಾಸಿ ಸಂಘಟನೆಯ ಹುಡುಗನೊಬ್ಬ ಕಾಯ್ದೆಯ ಪುಸ್ತಕ ತಂದು ತೋರಿಸಿದ. ಹಾಡಿಯಲ್ಲಿ ಸಭೆ ಸೇರಿ ತೀರ್ಮಾನ ಬರೆದರು. ಒಂದು ಹೆಕ್ಟೇರ್‌ಗಿಂತ ಕಡಿಮೆ ಜಾಗ, ಹೆಕ್ಟೇರ್‌ಗೆ 75ಕ್ಕಿಂತ ಜಾಸ್ತಿ ಮರ ಕಡಿಯಬಾರದು ಅಂತ ಕಾಯ್ದೆ. ನಮಗೆ ಒಂದು ಮರವನ್ನೂ ಕಡಿಯಬೇಕಾಗಿರಲಿಲ್ಲ. ಅರ್ಜಿ ಹೋಯಿತು, ಒಪ್ಪಿಗೆ ಬಂತು, ಕಟ್ಟಡ ಎದ್ದಿತು. ಅಷ್ಟು ವರ್ಷ ತಡೆದದ್ದು ಕಾನೂನಲ್ಲ, ಕಾನೂನು ಗೊತ್ತಿಲ್ಲದಿರುವುದು. ಮನೆಗಳ ವಿಷಯದಲ್ಲೂ ಅದೇ ನಡೆಯುತ್ತಿದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ವನ್ಯಜೀವಿ ಪ್ರೇಮಿಗಳಿಗೆ ಒಂದು ಆತಂಕ ಇದೆ. ಇವತ್ತು ಮನೆ, ನಾಳೆ ಅಂಗಡಿ, ನಾಡಿದ್ದು ರೆಸಾರ್ಟು ಅಂತ. ಕಬಿನಿ ದಂಡೆಯಲ್ಲಿ ಏನೇನು ಎದ್ದಿದೆ ಅಂತ ನೋಡಿದವರಿಗೆ ಆ ಭಯ ಸಹಜ. ಆದರೆ ಅರಣ್ಯ ಹಕ್ಕಿನ ಭೂಮಿಯನ್ನು ಮಾರುವಂತಿಲ್ಲ, ಬೇರೆಯವರ ಹೆಸರಿಗೆ ಮಾಡುವಂತಿಲ್ಲ. ವಾರಸುದಾರರಿಗೆ ಮಾತ್ರ ಹೋಗುತ್ತದೆ. ಮದುವೆಯಾದವರಿದ್ದರೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು. ಕಾಡೊಳಗೆ ಕಟ್ಟಡ ಹೆಚ್ಚಬಾರದು ಅನ್ನುವವರಿಗೇ ಸರಿಯಾದ ಎಣಿಕೆ ಜಾಸ್ತಿ ಬೇಕು. ಇಷ್ಟು ಒಲೆ, ಇಷ್ಟು ಮನೆ, ಇಂಥ ಜಾಗದಲ್ಲಿ ಅಂತ ಗ್ರಾಮಸಭೆಯಲ್ಲಿ ಬರೆದಿಟ್ಟರೆ ಅದರ ಮೇಲೆ ಒಂದು ಮನೆಯೂ ಏಳುವುದಿಲ್ಲ. ಹಾಡಿಯವರೇ ಏಳಲು ಬಿಡುವುದಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಸಮುದಾಯ ಹಕ್ಕನ್ನು ಗುರುತಿಸಿದರು. ಹುಲಿ ಪ್ರದೇಶದ ಒಳಗೆ ದೇಶದಲ್ಲೇ ಅದು ಮೊದಲು. ಅಲ್ಲಿ ಸೋಲಿಗರೂ ಇದ್ದಾರೆ, ಹುಲಿಯೂ ಇದೆ.

ಎಷ್ಟು ಮನೆ ಅನ್ನುವುದಾಯಿತು. ಎಂಥ ಮನೆ ಅನ್ನುವುದನ್ನು ಯಾರೂ ಕೇಳುವುದೇ ಇಲ್ಲ. ನಮ್ಮ ಹಾಡಿಯಲ್ಲಿ ಶೀಟಿನ ಮನೆ ಸಿಕ್ಕಿದ ಒಬ್ಬ ಅಜ್ಜಿ ಅದರ ಪಕ್ಕದಲ್ಲೇ ಚಿಕ್ಕ ಗುಡಿಸಲು ಹಾಕಿಕೊಂಡು ಅಲ್ಲೇ ಮಲಗುತ್ತಾರೆ. ಹೊಸ ಮನೆಯಲ್ಲಿ ಸೌದೆ, ಕೋಳಿ ಮತ್ತು ಪಡಿತರದ ಅಕ್ಕಿ. ಅದನ್ನು ನೋಡಿ ಹೊರಗಿನವರು 'ಇವರಿಗೆ ಮನೆ ಕೊಟ್ಟರೂ ಇರಲು ಬರುವುದಿಲ್ಲ' ಅನ್ನುತ್ತಾರೆ. ನಾನು ಅಜ್ಜಿಯನ್ನೇ ಕೇಳಿದೆ. ಅವರು ಹೇಳಿದ್ದು ತುಂಬ ಸರಳ. 'ಅಲ್ಲಿ ಬೆಂಕಿ ಹಾಕಂಗಿಲ್ಲ ಟೀಚರಮ್ಮ. ಹಾಕಿದ್ರೆ ಹೊಗೆ ಹೋಗಕ್ಕೆ ದಾರಿ ಇಲ್ಲ. ಬೆಂಕಿ ಇಲ್ದೆ ನಂಗೆ ನಿದ್ದೆ ಬರಲ್ಲ.' ಮಳೆಗಾಲದಲ್ಲಿ ಆ ಕಾಡಿನ ಥಂಡಿ ಮೂಳೆಗೆ ಇಳಿಯುತ್ತದೆ. ಗುಡಿಸಲ ನಡುವೆ ಉರಿಯುವ ಒಲೆಯ ಸುತ್ತ ಮಲಗಿ ರೂಢಿಯಾದವರು ಅವರು. ಹೊಗೆಗೆ ಸೊಳ್ಳೆ ಬರುವುದಿಲ್ಲ, ಮೇಲೆ ತೂಗುಹಾಕಿದ ಬೀಜಕ್ಕೆ ಹುಳು ಬೀಳುವುದಿಲ್ಲ. ಸಿಮೆಂಟಿನ ಮನೆ ಕಟ್ಟುವವರು ಒಂದು ಹೊಗೆಗೂಡು ಇಟ್ಟು, ಒಲೆಗೆ ಜಾಗ ಬಿಟ್ಟಿದ್ದರೆ ಅಜ್ಜಿ ಅಲ್ಲೇ ಇರುತ್ತಿದ್ದರು. ಶೀಟು ಬೇಸಿಗೆಯಲ್ಲಿ ಸುಡುತ್ತದೆ, ಹೆಂಚು ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಮುಂದೆ ಒಂದು ಜಗಲಿ ಬೇಕು, ಯಾಕೆಂದರೆ ಹಾಡಿಯ ಅರ್ಧ ಬದುಕು ಜಗಲಿಯಲ್ಲಿ ನಡೆಯುತ್ತದೆ.

ಆನೆಯ ವಿಷಯವಂತೂ ಯಾವ ನಕ್ಷೆಯಲ್ಲೂ ಇಲ್ಲ. ಅಕ್ಕಿ, ಉಪ್ಪಿನ ವಾಸನೆಗೆ ಆನೆ ಗೋಡೆ ಕೆಡವುತ್ತದೆ. ಕಾಳು ಇಡುವ ಮೂಲೆ ಮಲಗುವ ಕಡೆಗೆ ಇರಬಾರದು. ಇದು ಅಲ್ಲಿನ ಸಣ್ಣ ಮಗುವಿಗೂ ಗೊತ್ತು. ಮನೆಗಳನ್ನು ಬೇಲಿಯಂಚಿನಲ್ಲಿ ಉದ್ದಕ್ಕೆ ಸಾಲಾಗಿ ಕಟ್ಟುತ್ತಾರೆ, ರಾತ್ರಿ ಕೊನೆಯ ಮನೆಯವರ ಕೂಗು ಮೊದಲ ಮನೆಗೆ ಕೇಳುವುದಿಲ್ಲ. ಹಾಡಿಯವರೇ ಜಾಗ ಆರಿಸಿದರೆ ಒಂದು ಅಂಗಳದ ಸುತ್ತ ಅಣ್ಣತಮ್ಮಂದಿರ ಮನೆಗಳು ಬರುತ್ತವೆ. ಶೌಚಾಲಯ ಕಟ್ಟಿಕೊಟ್ಟಿದ್ದಾರೆ, ನೀರಿನ ಪೈಪು ಇಲ್ಲ. ಅದರಲ್ಲೂ ಸೌದೆಯೇ. ಹೆಣ್ಣುಮಕ್ಕಳು ಕತ್ತಲಾಗುವ ಮೊದಲು ಪೊದೆಯ ಕಡೆ ಹೋಗಬೇಕು. ಅಲ್ಲಿ ಕಾಡುಪ್ರಾಣಿ ಇರುತ್ತದೆ.

ಖರ್ಚಿನ ಲೆಕ್ಕವನ್ನೂ ಮನಸ್ಸಿಟ್ಟು ನೋಡಬೇಕು. 2.39 ಲಕ್ಷ ಅನ್ನುವುದು ಕೋಟೆ ಪಟ್ಟಣದ ಹತ್ತಿರದ ಹಾಡಿಗೂ ಅಷ್ಟೇ, ಕಾಡಿನ ನಡುವಿನ ಹಾಡಿಗೂ ಅಷ್ಟೇ. ಕಾಡೊಳಗಿನ ಬಳ್ಳೆಯ ಕಡೆ ಹೋಗುವ ಮಾನಂದವಾಡಿ ರಸ್ತೆಯ ಗೇಟು ಸಂಜೆ 6ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಮರಳು, ಸಿಮೆಂಟು, ಹೆಂಚು ತರುವ ಗಾಡಿ ಚೆಕ್‌ಪೋಸ್ಟಿನಲ್ಲಿ ನಿಲ್ಲಬೇಕು, ಅನುಮತಿ ಚೀಟಿ ತೋರಿಸಬೇಕು. ಮೇಸ್ತ್ರಿ ರಾತ್ರಿ ಉಳಿಯುವುದಿಲ್ಲ, ಬಂದು ಹೋಗುವುದರಲ್ಲೇ ಅರ್ಧ ದಿನ. ಬಾಡಿಗೆಗೇ ಒಂದು ಕಂತು ಹೋಗುತ್ತದೆ. ಪಾಯ ಆದ ಮೇಲೆ, ಲಿಂಟಲ್ ಆದ ಮೇಲೆ ಫೋಟೊ ಹಾಕಿದರೆ ಮುಂದಿನ ಕಂತು. ಕೈಯಲ್ಲಿ ಬಂಡವಾಳ ಇಲ್ಲದವರು ಗುತ್ತಿಗೆದಾರನ ಕೈಗೆ ಬೀಳುವುದು ಇಲ್ಲೇ. ಕಾಡೊಳಗಿನ ಮನೆಗೆ ಸಾಗಣೆ ಖರ್ಚನ್ನು ಬೇರೆಯಾಗಿ ಕೊಡಬೇಕು. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಅದೇನು ದೊಡ್ಡ ಮೊತ್ತವಲ್ಲ.

ಇನ್ನೊಂದು ಗುಂಪಿನವರನ್ನು ಮರೆಯಬಾರದು. ಈಗಾಗಲೇ ಕಾಡಿನಿಂದ ಹೊರಗೆ ಬಂದವರು. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ನಾಗರಹೊಳೆಯಿಂದ ಹೊರಬಂದ 3,418 ಕುಟುಂಬಗಳನ್ನು ಗುರುತಿಸಿ 2014ರಲ್ಲಿ ವರದಿ ಕೊಟ್ಟಿತು. ಹುಣಸೂರಿನ ನಾಗಾಪುರದಲ್ಲಿ ಕೆಲವರಿಗೆ ಜಮೀನು, ಮನೆ ಆಯಿತು. ಉಳಿದವರಲ್ಲಿ ಬಹಳ ಜನ ಕೊಡಗಿನ ತೋಟಗಳ ಲೈನ್‌ಮನೆಗಳಲ್ಲಿ ಇದ್ದಾರೆ. ಲೈನ್‌ಮನೆ ಎಂದರೆ ಕೆಲಸ ಇರುವವರೆಗೆ ಸೂರು. ಮಾಲೀಕರು ಬೇಡ ಅಂದ ದಿನ ಮೂಟೆ ಕಟ್ಟಬೇಕು. ಬೇಡಿಕೆಯ ಲೆಕ್ಕದಲ್ಲಿ ಇವರು ಎಲ್ಲೂ ಬರುವುದಿಲ್ಲ. ತೋಟದಲ್ಲಿ ಸರ್ವೆ ಮಾಡುವುದಿಲ್ಲ, ಹಾಡಿಯಲ್ಲಿ ಅವರು ಸಿಗುವುದಿಲ್ಲ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಜಾಸ್ತಿ ಗುಡಿಸಲು ಕೆಡವಿದಾಗ, ಇಷ್ಟು ಜನ ಎಲ್ಲಿಂದ ಬಂದರು ಅಂತ ಎಲ್ಲರೂ ಆಶ್ಚರ್ಯಪಟ್ಟರು. ಬಹಳಷ್ಟು ಜನ ಲೈನ್‌ಮನೆಗಳಿಂದ ಬಂದಿದ್ದರು. ಮೊದಲೇ ಎಣಿಸಿದ್ದರೆ ಆಶ್ಚರ್ಯಪಡುವ ಅಗತ್ಯ ಇರಲಿಲ್ಲ. 2025ರ ಮೇ ತಿಂಗಳಲ್ಲಿ ನಾಗರಹೊಳೆ ಕಾಡಿನ ಕರಡಿಕಲ್ಲು ಅತ್ತೂರುಕೊಲ್ಲಿಯ 52 ಜೇನುಕುರುಬ ಕುಟುಂಬಗಳು ಹಿರಿಯರಿದ್ದ ಜಾಗಕ್ಕೆ ವಾಪಸ್ ಹೋಗಿ ಟಾರ್ಪಾಲು ಕಟ್ಟಿ ಕೂತವು. ಅವರ ಕೆಲಸ ಸರಿಯೋ ತಪ್ಪೋ ಅಂತ ಚರ್ಚೆ ಮಾಡುವವರು, ಅಷ್ಟು ವರ್ಷ ಅವರು ಎಲ್ಲಿ ಯಾರ ಸೂರಿನಡಿ ಇದ್ದರು ಅಂತ ಒಮ್ಮೆ ಕೇಳಲಿ. 2005ಕ್ಕೆ ಮೊದಲು ಕಾನೂನು ಮೀರಿ ಎಬ್ಬಿಸಿದವರಿಗೆ ಅಲ್ಲೇ ಪುನರ್ವಸತಿ ಕೊಡುವ ಮಾತೂ ಅರಣ್ಯ ಹಕ್ಕು ಕಾಯ್ದೆಯಲ್ಲಿ ಇದೆ.

ಹಾಗಾದರೆ ಏನು ಮಾಡಬೇಕು? ಸುಮ್ನೆ ದೂರು ಹೇಳಿ ಕೂರುವುದು ನನಗೆ ಇಷ್ಟವಿಲ್ಲ. ಸರ್ವೆಯನ್ನು ಕಾಫಿ ಕುಯ್ಲಿಗೆ ಮೊದಲು, ಮಳೆಗಾಲದಲ್ಲಿ ಮಾಡಿ. ಆಗ ಹೆಚ್ಚಿನವರು ಹಾಡಿಯಲ್ಲಿ ಇರುತ್ತಾರೆ. ಸೋರುವ ಸೂರು ಯಾವುದು ಅಂತ ಆಗಲೇ ಕಾಣುತ್ತದೆ. ಪಂಚಾಯಿತಿ ಕಟ್ಟಡದಲ್ಲಿ ಗ್ರಾಮಸಭೆ ಕರೆದರೆ ಹಾಡಿಯವರು ಹಿಂದಿನ ಸಾಲಿನಲ್ಲಿ ನಿಂತು ವಾಪಸ್ ಬರುತ್ತಾರೆ. ಕಾಯ್ದೆ ಹೇಳುವಂತೆ ಹಾಡಿಯ ಮಟ್ಟದಲ್ಲೇ ಸಭೆ ಆಗಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು ಅಂತ ನಿಯಮ ಇದೆ. ಅವರು ಸಭೆಯಲ್ಲಿ ಮಾತಾಡುವವರೆಗೂ ಕಾಯಿರಿ. ಮನೆಯ ವಿಷಯ ಅವರಿಗೆ ಗೊತ್ತಿರುವಷ್ಟು ಗಂಡಸರಿಗೆ ಗೊತ್ತಿಲ್ಲ. ಹಾಡಿಯಲ್ಲೇ ಎಸ್ಸೆಸ್ಸೆಲ್ಸಿ, ಪಿಯುಸಿ ಓದಿದ ಹುಡುಗ ಹುಡುಗಿಯರು ಈಗ ಇದ್ದಾರೆ. ನನ್ನ ಅಂಗನವಾಡಿಯಲ್ಲಿ ಸ್ಲೇಟು ಹಿಡಿದವರೇ. ಎಣಿಸುವ ಕೆಲಸವನ್ನು ಅವರಿಗೆ ಕೊಡಿ, ಗೌರವಧನವನ್ನೂ ಕೊಡಿ. ಯಾವ ಗುಡಿಸಲಲ್ಲಿ ಎಷ್ಟು ಒಲೆ, ಯಾರು ಕೊಡಗಿಗೆ ಹೋಗಿದ್ದಾರೆ, ಯಾರ ಮನೆ ಲಿಂಟಲ್‌ಗೆ ನಿಂತಿದೆ ಅಂತ ಅವರು ಬರೆದುಕೊಟ್ಟದ್ದನ್ನು ಅಂಗನವಾಡಿ ಪುಸ್ತಕದ ಜೊತೆ ಇಟ್ಟು ನೋಡಿ. ಆಮೇಲೆ ಪೂರ್ತಿ ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಓದಲು ಬಾರದವರಿಗೂ ಗೊತ್ತಾಗಲಿ.

ವಿಧವೆಯರ ಹೆಸರನ್ನು ಪಟ್ಟಿಯ ಮೊದಲಿಗೆ ಇಡಿ ಅಂತ ನನ್ನದೊಂದು ಪ್ರತ್ಯೇಕ ವಿನಂತಿ. ತವರಿಗೆ ವಾಪಸ್ ಬಂದ ಆ ಹುಡುಗಿಗೆ ಅಪ್ಪನ ಕಾರ್ಡಿನಲ್ಲಿ ಹೆಸರಿಲ್ಲ. ಗಂಡನ ಕಾರ್ಡಿನಲ್ಲಿ ಇತ್ತು, ಅದು ಗಂಡನ ಹಾಡಿಯಲ್ಲಿದೆ. ಅಲ್ಲಿ ಅವಳಿಗೆ ಗುಡಿಸಲಿಲ್ಲ. ಎರಡೂ ಕಡೆ ಸರ್ವೆ ಆಯಿತು, ಎರಡೂ ಕಡೆ ಅವಳು ಬರಲಿಲ್ಲ. ಮೈಸೂರು ಮತ್ತು ಕೊಡಗು ಜಿಲ್ಲಾಡಳಿತಗಳು ಕೂತು ಮಾತಾಡಿ, ಎರಡೂ ಜಿಲ್ಲೆಯ ಹಾಡಿ ಮತ್ತು ಲೈನ್‌ಮನೆಗಳಿಗೆ ಒಂದೇ ಪಟ್ಟಿ ಮಾಡಿದರೆ ಅವಳಂಥವರ ಹೆಸರು ಎಲ್ಲಾದರೂ ಒಂದು ಕಡೆ ಸಿಗುತ್ತದೆ. ಮುಂದಿನ ಕುಯ್ಲು ಶುರುವಾಗುವ ಮೊದಲು ಈ ಕೆಲಸ ಆಗಲಿ.

ಇಂತಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ,
ಎಚ್.ಡಿ. ಕೋಟೆ ತಾಲ್ಲೂಕು, ಮೈಸೂರು ಜಿಲ್ಲೆ